ಅಕಾಲ ಮರಣ: ವಿಧಿಯ ಬರಹವೇ, ಬದುಕಿನ ಭಾರವೇ?

ನವೆಂಬರ್ ಮೃತರ ಸ್ಮರಣೆಯ ಮಾಸ. ಸಮಾಧಿಗಳನ್ನು ಹೂಗಳಿಂದ ಸಿಂಗರಿಸಿ, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುವಾಗ ಕಲ್ಲಿನ ಮೇಲೆ ಕೆತ್ತಿದ ಎರಡು ಇಸವಿಗಳ ನಡುವಣ ಅಂತರವನ್ನು ಒಮ್ಮೆ ಲೆಕ್ಕ ಹಾಕಿ ನೋಡಿರಿ. ಕೆಲವೆಡೆ ಎಂಬತ್ತು ಬರುತ್ತದೆ; ಕೆಲವೆಡೆ ನಲವತ್ತನ್ನೂ ಮುಟ್ಟುವುದಿಲ್ಲ. ತುಂಬು ಬಾಳು ಬಾಳಿ ಹೋದವರಿಗಾಗಿ ಅಳುವುದು ಬೇರೆ, ಶಾಲೆಗೆ ಹೋಗುವ ಮಕ್ಕಳನ್ನು ಬಿಟ್ಟು ಹೋದವರಿಗಾಗಿ ಅಳುವುದು ಬೇರೆ. ದುಡಿಯುವ ವಯಸ್ಸಿನ ಈ ಸಾವುಗಳಿಗೆ ನಾವು ಕೊಡುವ ವಿವರಣೆ ಮಾತ್ರ ಸಾಮಾನ್ಯವಾಗಿ ಒಂದೇ: ‘ದೇವರ ಚಿತ್ತ, ಅವರ ಆಯುಸ್ಸು ಅಷ್ಟೇ.’ ಸಾಂತ್ವನಕ್ಕೆ ಈ ಮಾತು ಸಾಕು. ಸತ್ಯಕ್ಕೆ ಸಾಕೇ?

ತತ್ತ್ವಶಾಸ್ತ್ರವು ಸಮೀಪದ ಕಾರಣ, ದೂರದ ಕಾರಣ ಎಂದು ಎರಡು ಬಗೆಯ ಕಾರಣಗಳನ್ನು ಹೇಳುತ್ತದೆ. ಮರಣಪತ್ರದಲ್ಲಿ ವೈದ್ಯರು ಬರೆಯುವುದು ಸಮೀಪದ ಕಾರಣವನ್ನು: ಹೃದಯಾಘಾತ, ರಸ್ತೆ ಅಪಘಾತ, ಯಕೃತ್ತಿನ ರೋಗ. ಆ ಹೃದಯವನ್ನು ದಣಿಸಿದ್ದು ಯಾವುದು, ಆ ವ್ಯಕ್ತಿಯನ್ನು ನಿದ್ದೆಗಣ್ಣಿನಲ್ಲಿ ರಸ್ತೆಗೆ ಇಳಿಸಿದ್ದು ಯಾವುದು ಎಂಬುದನ್ನು ಬರೆಯಲು ಆ ಹಾಳೆಯಲ್ಲಿ ಜಾಗವಿಲ್ಲ. ಸಿಲೊವಾಮಿನ ಗೋಪುರ ಕುಸಿದು ಹದಿನೆಂಟು ಜನ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂಬ ಭಾವನೆಯನ್ನು ಯೇಸುಸ್ವಾಮಿ ತಳ್ಳಿಹಾಕಿದ್ದನ್ನು ಸಂತ ಲೂಕರ ಶುಭಸಂದೇಶದಲ್ಲಿ ಓದುತ್ತೇವೆ. ಸತ್ತವರ ಮೇಲೆ ದೋಷ ಹೊರಿಸಿ ನಿಶ್ಚಿಂತರಾಗಲು ನಮಗೆ ಅನುಮತಿಯಿಲ್ಲ.

ದೂರದ ಕಾರಣವನ್ನು ಹುಡುಕಿದವರು ಇದ್ದಾರೆ. ಲಂಡನ್ನಿನ ಸುಮಾರು 18,000 ಮಂದಿ ಸರ್ಕಾರಿ ನೌಕರರ ಆರೋಗ್ಯವನ್ನು 1967ರಿಂದ ಮೊದಲ್ಗೊಂಡು ವರ್ಷಗಟ್ಟಲೆ ಗಮನಿಸಲಾಯಿತು. ವೈಟ್‌ಹಾಲ್ ಅಧ್ಯಯನವೆಂದೇ ಅದು ಪ್ರಸಿದ್ಧ. ಎಲ್ಲರೂ ಪುರುಷರು, ಎಲ್ಲರಿಗೂ ಖಾಯಂ ನೌಕರಿ, ಯಾರೂ ಹಸಿದವರಲ್ಲ. ಆದರೂ ಕೆಳದರ್ಜೆಯವರಲ್ಲಿ ಹೃದ್ರೋಗದ ಸಾವು ಮೇಲಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಧೂಮಪಾನ, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಂತರದ ಬಹುಭಾಗ ಹಾಗೆಯೇ ಉಳಿಯಿತು. ತನ್ನ ದುಡಿಮೆಯ ಮೇಲೆ ತನಗೇ ಹಿಡಿತವಿಲ್ಲದಿರುವುದು ಮನುಷ್ಯನ ದೇಹವನ್ನು ಸವೆಸುತ್ತದೆಂದು ಮೈಕೇಲ್ ಮಾರ್ಮಟ್ ಮತ್ತು ಅವರ ಸಂಗಡಿಗರು ಮುಂದಿನ ಅಧ್ಯಯನಗಳಲ್ಲಿ ತೋರಿಸಿದರು.

ಖಾಯಂ ನೌಕರಿಯವರ ಗತಿಯೇ ಹೀಗಾದರೆ ನಮ್ಮ ಕಡೆಯವರ ಗತಿಯೇನು? 1894ರಲ್ಲಿ ಕಟ್ಟಿದ ಹೆಸರಘಟ್ಟದ ಕೆರೆ ಬೆಂಗಳೂರಿಗೆ ನೀರು ಕೊಟ್ಟಿತು. ಇಂದು ನಮ್ಮ ಹಳ್ಳಿಗಳು ಅದೇ ನಗರಕ್ಕೆ ದುಡಿಯುವ ಕೈಗಳನ್ನು ಕೊಡುತ್ತಿವೆ. ಹೊಲಗಳು ಬಡಾವಣೆಗಳಾದಂತೆ ರೈತರ ಮಕ್ಕಳು ಪೀಣ್ಯದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸ್‌ಗಳಿಗೆ, ಕಾವಲು ಕೆಲಸಕ್ಕೆ, ಬಾಡಿಗೆ ಕಾರಿನ ಚಾಲನೆಗೆ ಹೊರಟಿದ್ದಾರೆ. ರಾತ್ರಿ ಪಾಳಿ, ಗುತ್ತಿಗೆಯ ಕೆಲಸ, ಒಂದು ದಿನ ರಜೆ ಹಾಕಿದರೆ ಒಂದು ದಿನದ ಕೂಲಿ ಖೋತಾ. ಎದೆ ಹಿಡಿದುಕೊಂಡರೂ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುವುದು ಅಜ್ಞಾನದಿಂದ ಮಾತ್ರವಲ್ಲ, ಸಂಬಳದ ಭಯದಿಂದಲೂ ಹೌದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು 2017ರಿಂದ ನಲವತ್ತರೊಳಗಿನ ಹೃದ್ರೋಗಿಗಳ ವಿವರ ಕಲೆಹಾಕಿತು; ಅವರಲ್ಲಿ ಪುರುಷರದೇ ಸಿಂಹಪಾಲು, ಧೂಮಪಾನಿಗಳು ಬಹಳ ಮಂದಿ. ರಸ್ತೆಯ ಕಥೆಯೂ ಭಿನ್ನವಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದ 1,68,491 ಜನರಲ್ಲಿ ಸುಮಾರು ಮೂರನೇ ಎರಡು ಪಾಲು 18ರಿಂದ 45 ವರ್ಷದೊಳಗಿನವರು.

ಸ್ತ್ರೀಯರ ಭಾರ ಬೇರೆ ಬಗೆಯದು. ಹೊಲಿಗೆ ಯಂತ್ರದ ಮುಂದೆ ದಿನವಿಡೀ ದುಡಿದ ತಾಯಿ ಮನೆಗೆ ಬಂದು ಎರಡನೆಯ ಪಾಳಿ ಆರಂಭಿಸುತ್ತಾಳೆ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುತ್ತಾಳೆ. ತನ್ನ ಚಿಕಿತ್ಸೆಯನ್ನು ಮಕ್ಕಳ ಶುಲ್ಕ ಕಟ್ಟಿದ ಮೇಲಕ್ಕೆ ಮುಂದೂಡುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ ಇತ್ತು.

ಆದರೆ ಭರವಸೆಯ ದೊಡ್ಡ ಪಾಠವೂ ಸ್ತ್ರೀಯರ ಕಡೆಯಿಂದಲೇ ಬಂದಿದೆ. ಹೆರಿಗೆಯಲ್ಲಿ ಸಾಯುವುದು ಹೆಣ್ಣಿನ ಹಣೆಬರಹವೆಂದು ನಮ್ಮ ಹಿರಿಯರು ನಂಬಿದ್ದರು. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು; 2018-20ರ ವೇಳೆಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ, ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ, 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಇವೆಲ್ಲ ಸೇರಿ ಹಣೆಬರಹವನ್ನೇ ತಿದ್ದಿದವು. ಸಮಾಜವು ಮನಸ್ಸು ಮಾಡಿದರೆ ಅಕಾಲ ಮರಣ ಹಿಂದೆ ಸರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ, ದೇಹ ಸವೆದು ಮನಸ್ಸು ಮಂಕಾಗುವಷ್ಟು ದುಡಿಸಿಕೊಳ್ಳುವುದು ನ್ಯಾಯಕ್ಕೂ ಮಾನವೀಯತೆಗೂ ವಿರುದ್ಧವೆಂದು ಸಾರಿದರು. ಆದ್ದರಿಂದ ಈ ವಿಚಾರವು ಕಾರ್ಮಿಕ ಸಂಘಗಳಿಗೆ ಮಾತ್ರ ಸೇರಿದ್ದಲ್ಲ, ನಮ್ಮ ಧರ್ಮಕೇಂದ್ರಗಳಿಗೂ ಸೇರಿದ್ದು.

ನಾವು ಮಾಡಬಹುದಾದ ಕೆಲಸಗಳಿವೆ. ಕಿರು ಕ್ರೈಸ್ತ ಸಮುದಾಯದ ಕೂಟಗಳಲ್ಲಿ ಜಪಸರದ ನಂತರ ‘ನಿಮ್ಮ ಇ.ಎಸ್.ಐ. ವಂತಿಗೆ ಸರಿಯಾಗಿ ಕಟ್ಟುತ್ತಿದ್ದಾರೆಯೇ?’ ಎಂದು ಒಬ್ಬರನ್ನೊಬ್ಬರು ಕೇಳೋಣ. 2017ರ ಜನವರಿಯಲ್ಲಿ ಇದರ ವೇತನ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ನಿಗದಿತ ದಿನಗಳ ವಂತಿಗೆ ತುಂಬಿದವರು ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡ 70 ಭಾಗ ಪಡೆಯಬಹುದು, ಪೀಣ್ಯದಲ್ಲಿಯೇ ಇ.ಎಸ್.ಐ. ಆಸ್ಪತ್ರೆಯಿದೆ. ಎದೆನೋವಿಗೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಆರಂಭವಾಯಿತು. ಇದನ್ನು ಪ್ರತಿ ಮನೆಗೂ ತಿಳಿಸೋಣ. ಸಹೋದರರೇ, ಬೀಡಿ ಸಿಗರೇಟನ್ನೂ ಕುಡಿತವನ್ನೂ ಬಿಡಿರಿ. ಸಹೋದರಿಯರೇ, ನಿಮ್ಮ ತಟ್ಟೆಗೂ ಮೊದಲೇ ಬಡಿಸಿಕೊಳ್ಳಿರಿ. ಕೆಲಸ ಕೊಟ್ಟಿರುವ ಬಾಂಧವರೇ, ನಿಮ್ಮ ಕೆಲಸದವನ ವಾರದ ರಜೆ ಅವನ ಮಕ್ಕಳ ತಂದೆಯನ್ನು ಉಳಿಸುವ ಔಷಧಿಯೆಂದು ತಿಳಿಯಿರಿ.