ಹೆಡ್‌ಫೋನ್ ಚುಚ್ಚಿದ್ದು ಕಂಪ್ಯೂಟರಿಗೆ ಹೇಗೆ ಗೊತ್ತು?

ಮಕ್ಕಳೇ, ಕಂಪ್ಯೂಟರಿನಲ್ಲಿ ಹಾಡು ಜೋರಾಗಿ ಬರುತ್ತಿದೆ. ಹೆಡ್‌ಫೋನಿನ ಪಿನ್ನನ್ನು ಚುಚ್ಚಿದ ಕೂಡಲೇ ಸ್ಪೀಕರ್ ಗಪ್‌ಚಿಪ್. ಹಾಡು ನಿಮ್ಮ ಕಿವಿಯಲ್ಲಿ! ಕಂಪ್ಯೂಟರಿಗೆ ಕಣ್ಣಿಲ್ಲ. ಪಿನ್ನು ಬಂದದ್ದು ಅದಕ್ಕೆ ಹೇಗೆ ತಿಳಿಯಿತು?

ಗುಟ್ಟಿರುವುದು ಆ ತೂತಿನೊಳಗೆ. ಅಲ್ಲಿ ಲೋಹದ ಪುಟ್ಟ ನಾಲಗೆಯೊಂದಿದೆ. ಪಿನ್ನು ಒಳಗೆ ಹೋಗುವಾಗ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಪಿನ್ನು ತೆಗೆದರೆ ನಾಲಗೆ ಮೊದಲಿನ ಜಾಗಕ್ಕೆ ಮರಳುತ್ತದೆ. ನಿಮ್ಮ ಅಜ್ಜನ ಕಾಲದ ಟ್ರಾನ್ಸಿಸ್ಟರ್ ರೇಡಿಯೊದಲ್ಲೂ ಇಂಥ ನಾಲಗೆ ಇತ್ತು. ಅಲ್ಲಿ ಅದು ಸ್ಪೀಕರಿನ ಸಂಪರ್ಕವನ್ನೇ ಕಡಿಯುತ್ತಿತ್ತು. ಈಗಿನ ಕಂಪ್ಯೂಟರಿನಲ್ಲಿ ಅದು ಕಡಿಯುವುದಿಲ್ಲ, ಸುದ್ದಿ ಮುಟ್ಟಿಸುತ್ತದೆ ಅಷ್ಟೆ. ಧ್ವನಿಯ ಕೆಲಸ ನೋಡಿಕೊಳ್ಳುವ ಕೋಡೆಕ್ ಎಂಬ ಚಿಪ್ ಆ ಸುದ್ದಿಯನ್ನು ಸಾಫ್ಟ್‌ವೇರಿಗೆ ದಾಟಿಸುತ್ತದೆ. ಸ್ಪೀಕರ್ ಮುಚ್ಚಬೇಕೇ, ಹೆಡ್‌ಫೋನಿಗೆ ಹಾಡು ಕಳಿಸಬೇಕೇ ಎಂದು ತೀರ್ಮಾನಿಸುವುದು ಸಾಫ್ಟ್‌ವೇರ್.

ಕಂಪ್ಯೂಟರಿನಲ್ಲಿ ಮುಂದೆ, ಹಿಂದೆ ಹಲವು ತೂತುಗಳಿರುತ್ತವೆ. ಪಿನ್ನು ಯಾವುದರಲ್ಲಿದೆ? ಇದಕ್ಕೊಂದು ಚಂದದ ಲೆಕ್ಕವಿದೆ. 2004ರಲ್ಲಿ ಇಂಟೆಲ್ ಕಂಪನಿ ಹೊರತಂದ ಎಚ್‌ಡಿ ಆಡಿಯೊ ಪದ್ಧತಿಯ ಅನೇಕ ಕಂಪ್ಯೂಟರುಗಳಲ್ಲಿ ನಾಲ್ಕು ತೂತುಗಳ ಸುದ್ದಿಗೆ ಒಂದೇ ತಂತಿ. ಒಂದೊಂದು ತೂತಿಗೂ ಬೇರೆ ಬೇರೆ ರೆಸಿಸ್ಟರ್: 39.2, 20, 10 ಮತ್ತು 5.1 ಕಿಲೋ ಓಮ್. ಮೊದಲನೆಯದರಲ್ಲಿ ಹರಿಯುವ ವಿದ್ಯುತ್ತನ್ನು 1 ಎಂದುಕೊಂಡರೆ ಉಳಿದವುಗಳಲ್ಲಿ ಸುಮಾರು 2, 4, 8. ಎಷ್ಟು ಪಿನ್ನು ಚುಚ್ಚಿದರೂ ಚಿಪ್ ಮೊತ್ತವನ್ನು ನೋಡಿದರೆ ಸಾಕು. ಮೊತ್ತ 5 ಬಂದರೆ 1 ಮತ್ತು 4ರ ತೂತುಗಳು ತುಂಬಿವೆ. ಬೇರೆ ದಾರಿಯೇ ಇಲ್ಲ. 11 ಬಂದರೆ? ನೀವೇ ಹೇಳಿ!

ನಾನು ಬ್ಯಾಂಕಿನಲ್ಲಿದ್ದಾಗ ಹಣ ಪಡೆಯಲು ಬಂದವರಿಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಕ್ಯಾಷಿಯರ್ ಕೂಗುತ್ತಿದ್ದುದು ಟೋಕನ್ನಿನ ಸಂಖ್ಯೆಯನ್ನು, ಹೆಸರನ್ನಲ್ಲ. ಚಿಪ್ ಕೂಡ ಹಾಗೆಯೇ, ಸಂಖ್ಯೆ ನಂಬಿ ಕೆಲಸ ಮಾಡುತ್ತದೆ. ಸುದ್ದಿ ತಪ್ಪಾದರೆ ತೀರ್ಮಾನವೂ ತಪ್ಪು. ತೂತಿನಲ್ಲಿ ಧೂಳು ಕೂತು ನಾಲಗೆ ಸಿಕ್ಕಿಕೊಂಡರೆ, ಪಿನ್ನು ಇಲ್ಲದಿದ್ದರೂ ಇದೆಯೆಂದು ತಿಳಿದು ಸಾಫ್ಟ್‌ವೇರ್ ಸ್ಪೀಕರನ್ನು ಮುಚ್ಚಿಬಿಡಬಹುದು. ಆಗ ದೂರದ ಊರಿನ ಮಗಳು ವೀಡಿಯೊ ಕರೆ ಮಾಡಿದರೆ ಮುಖ ಕಾಣುತ್ತದೆ, ದನಿ ಕೇಳದು. ಅಜ್ಜಿ 'ಕಂಪ್ಯೂಟರ್ ಕೆಟ್ಟಿತು' ಎಂದು ಚಿಂತೆಗೆ ಬೀಳುತ್ತಾರೆ.

ಆಗ ನೀವು ನೆರವಾಗಿ. ಸೌಂಡ್ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಹೆಡ್‌ಫೋನ್ ಎಂದಿದ್ದರೆ ಸ್ಪೀಕರ್ ಎಂಬುದನ್ನು ಆರಿಸಿ. ಆಗದಿದ್ದರೆ ಹೆಡ್‌ಫೋನಿನ ಪಿನ್ನನ್ನು ನಾಲ್ಕಾರು ಬಾರಿ ಮೆಲ್ಲಗೆ ಹಾಕಿ ತೆಗೆಯಿರಿ. ಸಿಕ್ಕಿಕೊಂಡ ನಾಲಗೆ ಎಷ್ಟೋ ಸಲ ಇಷ್ಟರಿಂದಲೇ ಬಿಡಿಸಿಕೊಳ್ಳುತ್ತದೆ. ಸೂಜಿ, ಹೇರ್‌ಪಿನ್ ಮಾತ್ರ ತೂರಿಸಬೇಡಿ, ನಾಲಗೆ ಮುರಿದೀತು. ರಿಪೇರಿ ಅಂಗಡಿಯ ದಾರಿ ಹಿಡಿಯುವುದು ಇಷ್ಟೆಲ್ಲ ಆದ ಮೇಲೆ.

(ಉತ್ತರ: 8, 2 ಮತ್ತು 1)