ತೊಗರಿ ಹುಳುವಿಗೂ ರೋಗ ಬರುತ್ತದೆ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ತೊಗರಿ ಹೂ ಬಿಟ್ಟಿತೆಂದರೆ ಕೀಡಿಯ ಚಿಂತೆಯೂ ಶುರು. ಈ ಕಾಯಿಕೊರಕ ಹುಳು ಮೊದಲು ಮೊಗ್ಗು, ಹೂ ತಿನ್ನುತ್ತದೆ. ಆಮೇಲೆ ಕಾಯಿಗೆ ತೂತು ಕೊರೆದು ತಲೆ ಒಳಗಿಟ್ಟು ಕಾಳು ತಿನ್ನುತ್ತದೆ. 1997-98ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಯನ್ನು ಇದೇ ಹುಳು ಹಾಳು ಮಾಡಿತ್ತು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಅದನ್ನು ತಾಳಿಕೊಂಡ ಹುಳುಗಳೇ ಉಳಿದು ಮರಿ ಮಾಡುತ್ತವೆ. ಹುಳು ಉಳೀತು, ಸಾಲನೂ ಉಳೀತು ಅನ್ನುವಂತಾಗುತ್ತದೆ. ಹಾಗಾದರೆ ಬೇರೆ ದಾರಿ ಏನು?

ತಲೆಕೆಳಗಾಗಿ ಜೋತ ಹುಳು

ಗಿಡದ ತುದಿಯಲ್ಲಿ ತಲೆಕೆಳಗಾಗಿ ಜೋತು ಸತ್ತ ಹುಳು ನೋಡಿದ್ದೀರಾ? ಮುಟ್ಟಿದರೆ ಚರ್ಮ ಹರಿದು ನೀರಿನಂಥ ರಸ ಸುರಿಯುತ್ತದೆ. ಅದು ಎನ್.ಪಿ.ವಿ. ಎಂಬ ನಂಜಾಣು ರೋಗದಿಂದ ಸತ್ತದ್ದು. ನಂಜಾಣು ಅಂಟಿದ ಎಲೆ, ಹೂ ತಿಂದ ಹುಳುವಿನ ಹೊಟ್ಟೆಯಲ್ಲಿ ರೋಗ ಬೆಳೆಯುತ್ತದೆ. ಅದು ಮೇವು ಬಿಟ್ಟು, ತುದಿಗೆ ಏರಿ, ಸುಮಾರು ಒಂದು ವಾರದಲ್ಲಿ ಸಾಯುತ್ತದೆ. ಈ ರೋಗ ಜನ, ದನ, ಕೋಳಿ, ಜೇನುಹುಳುಗಳಿಗೆ ತಗಲುವುದಿಲ್ಲ.

ಸಂಘದಲ್ಲಿ ತಯಾರಿಸಬಹುದು

ತೊಗರಿ ಗಿಡ ಅಲ್ಲಾಡಿಸಿ ಕೆಳಗೆ ಹಿಡಿದ ಅರಿವೆಯಲ್ಲಿ ಹುಳು ಬೀಳಿಸುವ ಪದ್ಧತಿ ನಮ್ಮ ಕಲಬುರಗಿ ಭಾಗದ್ದೇ. ಹೀಗೆ ಸಿಕ್ಕ ದೊಡ್ಡ ಹುಳುಗಳನ್ನು ಒಂದೊಂದೇ ಸಣ್ಣ ಡಬ್ಬಿಗೆ ಹಾಕಬೇಕು; ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ನಂಜಾಣು ದ್ರಾವಣದಲ್ಲಿ ಅದ್ದಿದ, ನೆನೆಸಿದ ಕಡಲೆ ತಿನ್ನಿಸಬೇಕು. ಸತ್ತ ಹುಳುಗಳನ್ನು ಅರೆದು, ನೀರು ಬೆರೆಸಿ, ತೆಳು ಬಟ್ಟೆಯಲ್ಲಿ ಸೋಸಿದರೆ ಔಷಧಿ ಸಿದ್ಧ. ಅಡುಗೆ ಪಾತ್ರೆ ಬಳಸಬೇಡಿ. ಕೈಗೆ ಚೀಲ ಹಾಕಿಕೊಂಡು, ಆಮೇಲೆ ಸಾಬೂನಿನಿಂದ ತೊಳೆಯಿರಿ.

ಹೊಡೆಯುವಾಗ ನೆನಪಿಡಿ

* ಎಕರೆಗೆ 100 ಎಲ್.ಇ. ಬೇಕು. ಅಂದರೆ 100 ಬಲಿತ ಹುಳುಗಳಿಂದ ಬಂದಷ್ಟು ನಂಜಾಣು.
* 200 ಲೀಟರ್ ನೀರಿಗೆ 1 ಕಿಲೋ ಬೆಲ್ಲ ಕರಗಿಸಿ ಸೇರಿಸಿ.
* ಬಿಸಿಲಿಗೆ ನಂಜಾಣು ಸಾಯುತ್ತದೆ. ಸಂಜೆ ಹೊತ್ತು ಹೊಡೆಯಿರಿ.
* ಮೊಟ್ಟೆ, ಸಣ್ಣ ಮರಿ ಕಂಡಾಗಲೇ ಹೊಡೆಯಿರಿ. ಬಲಿತ ಹುಳು ಸಾಯುವಷ್ಟರಲ್ಲಿ ಕಾಯಿ ತಿಂದು ಮುಗಿಸಿರುತ್ತದೆ.
* ಹಕ್ಕಿ ಕೂರಲು ಹೊಲದಲ್ಲಿ ಕವಲು ಕಡ್ಡಿ ನೆಡಿ.

ಬೀಜ ಕೇಳುವಾಗ

ನೆಟೆ ರೋಗ ತಡೆಯುವ ತಳಿ ಬೇರೆ, ಹುಳು ತಾಳುವ ತಳಿ ಬೇರೆ. ಮಾರುತಿ, ಟಿ.ಎಸ್.-3ಆರ್ ತಳಿಗಳು ನೆಟೆ ರೋಗ ತಡೆಯುತ್ತವೆ. ಅವಕ್ಕೂ ಹುಳು ಬೀಳುತ್ತದೆ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯ ಐ.ಸಿ.ಪಿ.ಎಲ್.-332, ಅಂದರೆ 'ಅಭಯ', ಹುಳುವಿನ ಕಾಟ ತಕ್ಕಮಟ್ಟಿಗೆ ತಾಳುತ್ತದೆ. ತಾಳುತ್ತದೆ ಅಂದರೆ ಹುಳು ಬರುವುದೇ ಇಲ್ಲ ಅಂತಲ್ಲ, ನಷ್ಟ ಕಡಿಮೆ ಅಂತ. ನಿಮ್ಮ ಭೂಮಿಗೆ ಯಾವುದು ಹೊಂದುತ್ತದೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಬಿತ್ತಿರಿ.

ಗೋವಿನಜೋಳದವರಿಗೆ

2018ರಲ್ಲಿ ಕರ್ನಾಟಕದಲ್ಲೇ ಮೊದಲು ಕಂಡ ಸೈನಿಕ ಹುಳುವಿಗೆ ತೊಗರಿ ಹುಳುವಿನ ನಂಜಾಣು ನಡೆಯದು. ಅದಕ್ಕೆ ಬೇರೆ ರೋಗವಿದೆ: ಮಳೆಗಾಲದ ತೇವದಲ್ಲಿ ಬರುವ ಒಂದು ಬೂಷ್ಟು. ಮೈಮೇಲೆ ಬಿಳಿ, ಆಮೇಲೆ ಹಸಿರು ಬೂಷ್ಟು ಕಟ್ಟಿ ಬಿರುಸಾಗಿ ಸತ್ತ ಹುಳು ಕಂಡರೆ ಕಿತ್ತು ಎಸೆಯಬೇಡಿ. ಅಲ್ಲೇ ಬಿಡಿ, ಉಳಿದ ಹುಳುಗಳಿಗೂ ಹರಡಲಿ.

ಮುಂದಿನ ವಾರದ ಸಭೆಯಲ್ಲಿ ಇಷ್ಟು ಮಾತಾಡಿರಿ: ಹೂ ಬಿಡುವ ಹೊತ್ತಿಗೆ ಯಾರ ಹೊಲ ಯಾರು ನೋಡಬೇಕು, ಡಬ್ಬಿ ಯಾರ ಮನೆಯಲ್ಲಿ ಇಡಬೇಕು. ಒಬ್ಬಳು ಹುಳು ಆರಿಸಿದರೆ ಒಂದು ಸಾಲು ಉಳಿದೀತು. ಹತ್ತು ಮಂದಿ ಕೂಡಿದರೆ ಊರ ತೊಗರಿ ಉಳಿಯುತ್ತದೆ.