ಪುರದ ಲೆಕ್ಕ: ಸೌದೆ, ಸಗಣಿ, ನೀರು

ಶಕ್ತಿಯ ಕುರಿತ ಯೋಜನೆಗಳು ಬಹುಮಟ್ಟಿಗೆ ಉತ್ಪಾದನೆಯ ಲೆಕ್ಕದಿಂದಲೇ ಆರಂಭವಾಗುತ್ತವೆ: ಇನ್ನೆಷ್ಟು ಮೆಗಾವ್ಯಾಟ್ ಬೇಕು, ಅದಕ್ಕೆ ಎಲ್ಲಿ ಅಣೆಕಟ್ಟು ಕಟ್ಟಬೇಕು, ಎಲ್ಲಿಂದ ಕಲ್ಲಿದ್ದಲು ತರಬೇಕು ಎಂಬುದು ಮೊದಲ ಪ್ರಶ್ನೆಯಾಗುತ್ತದೆ. ಆದರೆ ಮನೆಯವರಿಗೆ ಬೇಕಾದದ್ದು ಬೆಂದ ಅನ್ನ, ಮನೆಯೊಳಗಿನ ಬೆಳಕು, ಬೀಸಿದ ಹಿಟ್ಟು ಮತ್ತು ಮೇಲಕ್ಕೆತ್ತಿದ ನೀರೇ ಹೊರತು ಯೂನಿಟ್ಟುಗಳಲ್ಲ. ಶಕ್ತಿಯಿಂದ ಕೊನೆಗೆ ಆಗಬೇಕಾದ ಇಂಥ ಕೆಲಸಕ್ಕೆ ತಜ್ಞರು ‘ಅಂತಿಮ ಬಳಕೆ’ ಎನ್ನುತ್ತಾರೆ. ಲೆಕ್ಕವನ್ನು ಈ ತುದಿಯಿಂದ ಆರಂಭಿಸಿದರೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದನ್ನು ತೋರಿಸಿಕೊಟ್ಟ ಸಂಶೋಧನೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ನಡೆಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುದ್ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕೆ. ಎನ್. ರೆಡ್ಡಿಯವರು (1930–2006) 1974ರಲ್ಲಿ ‘ಅಸ್ತ್ರ’ ಎಂಬ ಘಟಕವನ್ನು ಹುಟ್ಟುಹಾಕಿದರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಘಟಕದ ವಿಸ್ತರಣಾ ಕೇಂದ್ರವಿತ್ತು. ಹಳ್ಳಿಗಳಿಗೆ ಯಾವ ಯಂತ್ರ ಬೇಕೆಂದು ಹೇಳುವ ಮೊದಲು ಹಳ್ಳಿಗಳು ಈಗ ಯಾವ ಶಕ್ತಿಯಿಂದ ಬದುಕುತ್ತಿವೆ ಎಂಬುದನ್ನು ಅಳೆದು ನೋಡಬೇಕೆಂದು ಈ ತಂಡ ನಿರ್ಧರಿಸಿತು. ಇಂದು ಸಹಜವಾಗಿ ಕಾಣುವ ಈ ಹೆಜ್ಜೆ ಆಗ ಅಪರೂಪದ್ದಾಗಿತ್ತು. ಏಕೆಂದರೆ ಹಣ ಕೊಟ್ಟು ಕೊಳ್ಳದ ಸೌದೆಯಾಗಲಿ, ಹೆಂಗಸರು ಮಕ್ಕಳ ಮೈದುಡಿಮೆಯಾಗಲಿ ಸರ್ಕಾರಿ ಅಂಕಿಅಂಶಗಳಲ್ಲಿ ಶಕ್ತಿಯೆಂದು ಕಾಣಿಸಿಕೊಳ್ಳುತ್ತಲೇ ಇರಲಿಲ್ಲ.

1977ರಲ್ಲಿ ಪುರದಲ್ಲಿದ್ದದ್ದು 56 ಮನೆಗಳು, 357 ಜನ. ಮನೆಮನೆಯ ಸಮೀಕ್ಷೆಯಿಂದ ತಿಳಿದುಬಂದಂತೆ ಹಳ್ಳಿಯು ಬಳಸುವ ಒಟ್ಟು ಶಕ್ತಿಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಸೌದೆಯಿಂದಲೇ ಬರುತ್ತಿತ್ತು. ಸೀಮೆಎಣ್ಣೆ ಮತ್ತು ವಿದ್ಯುತ್ತು ಎರಡೂ ಸೇರಿದರೂ ಅತ್ಯಲ್ಪ. ಸೌದೆಯ ಬಹುಪಾಲು ಅಡುಗೆಗೆ ಮತ್ತು ಸ್ನಾನದ ನೀರು ಕಾಯಿಸುವುದಕ್ಕೆ ಹೋಗುತ್ತಿತ್ತು. ಅದು ಮರ ಕಡಿದು ಸೀಳಿದ ಸೌದೆಯಲ್ಲ, ಬಹಳಮಟ್ಟಿಗೆ ಬೇಲಿಸಾಲು ಬಯಲುಗಳಲ್ಲಿ ಆಯ್ದು ತಂದ ಪುಳ್ಳೆ, ಒಣರೆಂಬೆ. ಬಡವರ ಒಲೆಯೇ ಕಾಡನ್ನು ತಿನ್ನುತ್ತಿದೆ ಎಂದು ಆ ಕಾಲದಲ್ಲಿ ಜೋರಾಗಿ ಕೇಳಿಬರುತ್ತಿದ್ದ ಆರೋಪಕ್ಕೆ ಈ ಒಂದು ವಿವರ ಕೊಟ್ಟ ಉತ್ತರವನ್ನು ಎಷ್ಟು ಒತ್ತಿ ಹೇಳಿದರೂ ಹೆಚ್ಚಲ್ಲ. ಮನುಷ್ಯರ ದುಡಿಮೆಯ ಲೆಕ್ಕವೂ ಅಷ್ಟೇ ನಿಷ್ಠುರವಾಗಿತ್ತು: ಒಟ್ಟು ದುಡಿಮೆಯ ಗಂಟೆಗಳಲ್ಲಿ ಹೆಂಗಸರದು ಶೇ. 53, ಗಂಡಸರದು ಶೇ. 31, ಮಕ್ಕಳದು ಶೇ. 16. ಸೌದೆ ಆಯುವುದು, ನೀರು ಹೊರುವುದು, ಅಡುಗೆ ಮಾಡುವುದು, ಹೊಲಕ್ಕೆ ಬುತ್ತಿ ಒಯ್ಯುವುದು, ದನ ಮೇಯಿಸುವುದು ಇವೆಲ್ಲವೂ ಆ ಗಂಟೆಗಳೊಳಗೆ ಸೇರಿದ್ದವು.

ಈ ಲೆಕ್ಕವನ್ನು ಮುಂದಿಟ್ಟುಕೊಂಡು ತಂಡವು ಮೊದಲು ಕೈಹಾಕಿದ್ದು ಅಡುಗೆಗೆ. ಸಗಣಿಯನ್ನು ನೀರಿನೊಂದಿಗೆ ಕಲಸಿ ಗಾಳಿಯಾಡದ ತೊಟ್ಟಿಯಲ್ಲಿ ಬಿಟ್ಟರೆ, ಆಮ್ಲಜನಕವಿಲ್ಲದೆಯೂ ಬದುಕಬಲ್ಲ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ, ಅರ್ಧಕ್ಕಿಂತ ಹೆಚ್ಚು ಪಾಲು ಮಿಥೇನ್ ಇರುವ ಗೋಬರ್ ಅನಿಲವನ್ನು ಬಿಡುಗಡೆ ಮಾಡುತ್ತವೆ. ಉಳಿಯುವ ಬಗ್ಗಡವು ಸಗಣಿಯಲ್ಲಿದ್ದ ಸಾರಜನಕವನ್ನು ಕಳೆದುಕೊಳ್ಳದೆ ಒಳ್ಳೆಯ ಗೊಬ್ಬರವಾಗುತ್ತದೆ. ಊರಿಗೆಲ್ಲ ಸೇರಿದ ಒಂದು ಸ್ಥಾವರ ಕಟ್ಟಿ, ಎಲ್ಲ ಮನೆಗಳಿಗೂ ಕೊಳವೆಯಲ್ಲಿ ಅನಿಲ ಕೊಡುವುದು ಮೊದಲ ಗುರಿಯಾಗಿತ್ತು. ಆದರೆ ಸಗಣಿಯೇ ಸಾಲಲಿಲ್ಲ. ಒಬ್ಬರ ಅಡುಗೆಗೆ ದಿನಕ್ಕೆ ಸುಮಾರು ಕಾಲು ಘನಮೀಟರ್ ಅನಿಲ ಬೇಕು, ಅಂದರೆ ಇಡೀ ಪುರಕ್ಕೆ 90 ಘನಮೀಟರಿನಷ್ಟು. ಅಲ್ಲಿ ಕಟ್ಟಿದ ಸ್ಥಾವರ ದಿನಕ್ಕೆ ಸುಮಾರು 1,250 ಕಿಲೋ ಸಗಣಿ ಉಂಡು ಕೊಡಬಲ್ಲದ್ದು 42 ಘನಮೀಟರ್ ಮಾತ್ರ. ಬಯಲಲ್ಲಿ ಮೇಯುವ ನಾಡತಳಿಯ ದನಗಳು ಹಾಕುವ ಸಗಣಿಯೂ ಕಡಿಮೆ, ಅದರಲ್ಲಿ ಕೊಟ್ಟಿಗೆಯಲ್ಲಿ ಸಿಗುವ ಭಾಗ ಇನ್ನೂ ಕಡಿಮೆ.

ಅಡುಗೆಗೆ ಸಾಲದ ಅನಿಲವು ಬೇರೆ ಯಾವ ಕೆಲಸಕ್ಕೆ ಸಾಕಾದೀತು ಎಂಬ ಪ್ರಶ್ನೆ ಎದುರಾದಾಗ ಊರವರ ಉತ್ತರ ಸ್ಪಷ್ಟವಾಗಿತ್ತು: ಕುಡಿಯುವ ನೀರು. ಒಲೆಗೆ ಹೇಗೋ ಪುಳ್ಳೆ ಸಿಗುತ್ತಿತ್ತು, ಶುದ್ಧ ನೀರು ಸಿಗುತ್ತಿರಲಿಲ್ಲ. ಹೀಗೆ 1987ರಿಂದ ಅನಿಲವನ್ನು ಎಂಜಿನ್ನಿಗೆ ಹಾಯಿಸಿ ವಿದ್ಯುತ್ತು ತೆಗೆಯುವ, ಆ ವಿದ್ಯುತ್ತಿನಿಂದ ಕೊಳವೆಬಾವಿಯ ನೀರೆತ್ತಿ ನಲ್ಲಿಗಳಿಗೆ ಹರಿಸುವ, ಸಂಜೆ ಮನೆಗಳಿಗೆ ದೀಪ ಕೊಡುವ ವ್ಯವಸ್ಥೆ ನಡೆಯತೊಡಗಿತು. ಎಂಜಿನ್ನು ಡೀಸೆಲ್ಲಿನದೇ, ಹೊತ್ತಿಸಲು ಮಾತ್ರ ಸ್ವಲ್ಪ ಡೀಸೆಲ್ ಬಳಸಿ ಉಳಿದಂತೆ ಅನಿಲದಿಂದ ಓಡುವ ಇದಕ್ಕೆ ದ್ವಿ-ಇಂಧನ ಎಂಜಿನ್ ಎಂದು ಹೆಸರು. ಸಗಣಿ ತಂದುಕೊಟ್ಟವರಿಗೆ ಪ್ರತಿ ಕಿಲೋಗೆ ಇಷ್ಟೆಂದು ಹಣ ಸಲ್ಲುತ್ತಿತ್ತು, ಅವರವರ ಪಾಲಿನ ಬಗ್ಗಡವನ್ನು ನೀರು ಇಂಗಿಸಿ ಮರಳಿ ಕೊಡಲಾಗುತ್ತಿತ್ತು. ಸಗಣಿ ಹೊತ್ತು ತರುವವರು ಹೆಚ್ಚಾಗಿ ಹೆಂಗಸರು ಮಕ್ಕಳಾದ್ದರಿಂದ ಆ ಚಿಲ್ಲರೆ ಹಣ ಅವರ ಕೈಗೇ ಬೀಳುತ್ತಿತ್ತು. ದೀಪ ಮತ್ತು ನೀರಿಗೆ ಮನೆಗಳು ತಿಂಗಳ ಶುಲ್ಕ ತೆರುತ್ತಿದ್ದವು. ಸ್ಥಾವರ ನಡೆಸುತ್ತಿದ್ದವರು ಊರಿನ ಹುಡುಗರೇ.

ಅಡುಗೆಮನೆಯ ಪ್ರಶ್ನೆಯನ್ನು ತಂಡ ಅಷ್ಟಕ್ಕೇ ಬಿಡಲಿಲ್ಲ. ಸಾಮಾನ್ಯ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಪಾತ್ರೆಗೆ ತಲುಪುತ್ತದೆ, ಉಳಿದದ್ದು ವ್ಯರ್ಥವಾಗುತ್ತದೆ. ಗಾಳಿಯ ಹರಿವನ್ನು ಹದಗೊಳಿಸಿ, ಮೂರು ಪಾತ್ರೆಗಳನ್ನು ಸಾಲಾಗಿ ಕೂರಿಸಿ, ಹೊಗೆಗೊಳವೆ ಇಟ್ಟು ರೂಪಿಸಿದ ‘ಅಸ್ತ್ರ ಒಲೆ’ಯು ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಇದರ ಹಲವು ಪಟ್ಟು ದಕ್ಷತೆ ತೋರಿಸಿ, ಕರ್ನಾಟಕದ ಅನೇಕ ಹಳ್ಳಿಗಳ ಅಡುಗೆಮನೆ ಸೇರಿತು. ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳನ್ನು ನೆನೆದರೆ, ಉಳಿದ ಸೌದೆಗಿಂತ ಹೊರಹೋದ ಹೊಗೆಯೇ ದೊಡ್ಡ ಲಾಭವೆನ್ನಬೇಕು.

ಪುರದ ಸ್ಥಾವರ ಶಾಶ್ವತವಾಗಿ ಉಳಿಯಲಿಲ್ಲ. ಸರ್ಕಾರಿ ಜಾಲದ ಅಗ್ಗದ ವಿದ್ಯುತ್ತು ಮನೆಗಳಿಗೆ ಬಂದಂತೆ ಶುಲ್ಕ ಕಟ್ಟುವವರು ಕಡಿಮೆಯಾಗಿ, 1990ರ ದಶಕ ಮುಗಿಯುವ ಮೊದಲೇ ಅದು ನಿಂತುಹೋಯಿತು. ರಿಯಾಯಿತಿ ಪಡೆದ ದೊಡ್ಡ ವ್ಯವಸ್ಥೆಯೆದುರು ತನ್ನ ಖರ್ಚನ್ನು ತಾನೇ ಹೊರಬೇಕಾದ ಸಣ್ಣ ವ್ಯವಸ್ಥೆ ಸಮನಾಗಿ ಸೆಣಸುವುದು ಸಾಧ್ಯವಿರಲಿಲ್ಲ. ಈ ಸೋಲು ತಂತ್ರಜ್ಞಾನದ್ದೆಂದು ಬರೆಯುವುದು ತಪ್ಪಾಗುತ್ತದೆ.

ಪುರದಲ್ಲಿ ಬೆಳೆದ ಲೆಕ್ಕದ ಕ್ರಮ ಮಾತ್ರ ಆ ವೇಳೆಗೆ ಇಡೀ ರಾಜ್ಯಕ್ಕೆ ಹಬ್ಬಿತ್ತು. ಕರ್ನಾಟಕಕ್ಕೆ 2000ದ ಹೊತ್ತಿಗೆ ಬೇಕಾಗುವ ವಿದ್ಯುತ್ತನ್ನು ಅಧಿಕೃತ ಯೋಜನೆಯೊಂದು ಅಂದಾಜು ಮಾಡಿದ್ದಾಗ, ರೆಡ್ಡಿ ಮತ್ತು ಅವರ ಸಂಗಡಿಗರು 1991ರಲ್ಲಿ ಪ್ರಕಟಿಸಿದ ಪರ್ಯಾಯ ಮುನ್ನೋಟವು ಪ್ರತಿಯೊಂದು ಅಂತಿಮ ಬಳಕೆಯನ್ನೂ ಬೇರೆ ಬೇರೆಯಾಗಿ ಎಣಿಸಿ, ಅದರ ಐದರಲ್ಲಿ ಎರಡು ಪಾಲಿನಷ್ಟೇ ಸಾಕೆಂದು ತೋರಿಸಿತು. ಅದೂ ರಾಜ್ಯದ ಎಲ್ಲ ಮನೆಗಳಿಗೂ ವಿದ್ಯುತ್ತು ಕೊಟ್ಟು. ನೀರಾವರಿ ಪಂಪುಗಳಿಗೆ ಘರ್ಷಣೆ ಕಡಿಮೆಯಿರುವ ಫುಟ್‌ವಾಲ್ವ್ ಮತ್ತು ಕೊಳವೆ, ಬುರುಡೆ ದೀಪದ ಬದಲು ಕಡಿಮೆ ವಿದ್ಯುತ್ತು ಉಣ್ಣುವ ದೀಪ, ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತು, ಇವು ಆ ಪಟ್ಟಿಯಲ್ಲಿದ್ದವು. ಸ್ನಾನದ ನೀರೂ ಅದರಲ್ಲಿತ್ತು: ಮೈಗೆ ಹಿತವಾಗುವಷ್ಟು ಬಿಸಿಗೆ, ಅಣೆಕಟ್ಟಿನಿಂದ ಬಚ್ಚಲಿನವರೆಗೆ ತಂತಿಯಲ್ಲಿ ಹರಿದುಬಂದ ವಿದ್ಯುತ್ತನ್ನು ಸುಡುವ ಬದಲು, ಮಾಳಿಗೆಯ ಮೇಲೆ ಬೀಳುವ ಬಿಸಿಲನ್ನೇ ಬಳಸಿಕೊಳ್ಳುವುದು.